ಬೂಷ್ಟು ಹಿಡಿಯದ ಬುತ್ತಿ

ಊಟದ ಹೊತ್ತಿನ ತನಕ ಬೇಕರಿಯ ಗೋದಾಮು ಕಾಯುವವನಾಗಿದ್ದ ಮನ್ಮಥಪ್ಪ, ಚಹಾದ ಹೊತ್ತಿಗೆ ವಿಜ್ಞಾನಿಯಾಗಿದ್ದ. ಮನುಷ್ಯ ಅಷ್ಟು ಬೇಗ ವಿಜ್ಞಾನಿಯಾಗುವುದುಂಟೇ ಎಂದು ಅನುಮಾನ ಇದ್ದವರು ನಾಸಿಕದ ಸಾತಪುರಕ್ಕೆ ಹೋಗಿ ಅವನ ಹೆಂಡತಿ ಮಲ್ಲಮ್ಮನನ್ನು ಕೇಳಬಹುದು. ಅವಳು ಹಣೆ ಬಡಿದುಕೊಂಡರೆ ಅದನ್ನೇ ಉತ್ತರ ಎಂದು ತಿಳಿಯತಕ್ಕದ್ದು.

ಆದದ್ದಿಷ್ಟು. ಮಳೆಗಾಲದಲ್ಲಿ ಬ್ರೆಡ್ಡಿಗೆ ಬೂಷ್ಟು ಬರುತ್ತದೆಂದು ದೂರು ಹೆಚ್ಚಾದಾಗ ಬೇಕರಿಯ ಮಾಲಕರು ಪುಣೆಯಿಂದ ಒಬ್ಬ ತಜ್ಞರನ್ನು ಕರೆಸಿ ಕೆಲಸಗಾರರಿಗೆಲ್ಲ ಭಾಷಣ ಮಾಡಿಸಿದರು. ಭಾಷಣದ ಜೊತೆ ಸಮೋಸಾ ಇದೆ ಎಂದು ತಿಳಿದ ಮನ್ಮಥಪ್ಪ ಮುಂದಿನ ಸಾಲಿನಲ್ಲೇ ಕೂತ. ಬೂಷ್ಟು ಎಂದರೆ ಕೊಳೆಯಲ್ಲ, ಅದೂ ಒಂದು ಜೀವ. ಕಣ್ಣಿಗೆ ಕಾಣದ ಅದರ ಬೀಜ ಗಾಳಿಯಲ್ಲಿ ಹಾರಾಡುತ್ತ, ತೇವ ಸಿಕ್ಕಲ್ಲಿ ಕೂತು ಸಂಸಾರ ಹೂಡುತ್ತದೆ. ಅದನ್ನು ತಡೆಯಲು ಬ್ರೆಡ್ಡಿಗೆ ಅಳತೆ ಮಾಡಿ ಒಂದು ಪುಡಿ ಬೆರೆಸುತ್ತಾರೆ. ಲವಂಗ, ದಾಲ್ಚಿನ್ನಿಯಿಂದ ಇಳಿಸಿದ ಎಣ್ಣೆಗೂ ಅಂಥದೇ ಶಕ್ತಿಯುಂಟು, ಒಂದು ಚೀಲ ಹಿಟ್ಟಿಗೆ ಕೆಲವೇ ಹನಿ ಸಾಕು ಎಂದು ತಜ್ಞರು ತಿಳಿಯುವ ಹಾಗೆ ಹೇಳಿದರು. ಮನ್ಮಥಪ್ಪನ ತಲೆಗೆ ಲವಂಗ ಇಳಿಯಿತು, ಹನಿ ಇಳಿಯಿತು. ಚೀಲ ಒಂದು ಮಾತ್ರ, ಸಮೋಸಾದ ಇನ್ನೊಂದು ಪರಾತ ಬಂದ ಗದ್ದಲದಲ್ಲಿ, ಬಾಗಿಲಾಚೆಯೇ ಉಳಿಯಿತು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಮಲ್ಲೀ, ಬೂಷ್ಟು ಅಂದ್ರ ಏನಂತ ತಿಳ್ಕೊಂಡೀ?"

"ತಿಳ್ಕೊಳ್ಳೋದೇನದರಿ? ಬಂದ್ರ ತೆಗ್ದು ಒಗಿಯೋದು."

"ಜೀವ ಅದ, ಜೀವ! ನಿನ್ನಂಗ, ನನ್ನಂಗ!"

"ನನ್ನಂಗ ಇದ್ದಿದ್ರ ಎದ್ದು ಕಸಾ ಹೊಡೀತಿತ್ತು. ನಿಮ್ಮಂಗೇ ಇರ್ಬೇಕು. ಕೂತಲ್ಲೇ ಕೂತು ದಪ್ಪ ಆಗ್ತದ."

ಮಲ್ಲಮ್ಮ ಹೀಗೆ ಚುಚ್ಚಿದರೂ ಬೂಷ್ಟಿನ ಹೆಸರು ಕೇಳಿದಾಗಲೇ ಅವಳ ಎದೆಯಲ್ಲಿ ಕುಟುಕಿದಂತಾಗಿತ್ತು. ಅದಕ್ಕೆ ಕಾರಣವಿತ್ತು. ಅವರ ಒಬ್ಬಳೇ ಮಗಳು ವಿಜಯಶ್ರೀಯನ್ನು ಸಂಭಾಜಿನಗರದ ಮುಕುಂದವಾಡಿಗೆ ಕೊಟ್ಟಿದ್ದರು. ಬೀಗರೂ ತಮ್ಮ ಹಾಗೆ ಬೀದರ ಕಡೆಯವರೇ, ಭಾಲ್ಕಿಯಿಂದ ಬಂದು ಕಿರಾಣಿ ಅಂಗಡಿ ಇಟ್ಟವರು. ಬೀಗರ ಹೆಸರು ಶಾಂತಕುಮಾರ. ಅವರ ದನಿ ಎಂಥದೆಂದು ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೀಗತಿ ರುಕ್ಮಿಣಿಬಾಯಿಯ ದನಿ ಮಾತ್ರ ರೈಲು ಸ್ಟೇಷನ್ನಿನ ತನಕ ಗೊತ್ತಿತ್ತು.

ಇದೇ ಶ್ರಾವಣದಲ್ಲಿ, ನಾಗಪಂಚಮಿಗೆಂದು ಮಲ್ಲಮ್ಮ ಒಂದು ಸ್ಟೀಲಿನ ಡಬ್ಬಿ ತುಂಬ ಹೂರಣದ ಹೋಳಿಗೆ ಮಾಡಿ ಕಳಿಸಿದ್ದಳು. ಅವಸರದಲ್ಲಿ ಬಿಸಿಬಿಸಿಯಾಗಿಯೇ ಮುಚ್ಚಳ ಬಡಿದದ್ದು ಅವಳ ತಪ್ಪು. ಭಾಲ್ಕಿಯಿಂದ ಅಕ್ಕ ಬರಲಿ, ಆಮೇಲೆ ತೆರೆಯೋಣ ಎಂದು ಡಬ್ಬಿಯನ್ನು ಮೂಲೆಯಲ್ಲಿ ಕೂರಿಸಿದ್ದು ರುಕ್ಮಿಣಿಬಾಯಿಯ ತಪ್ಪು. ಆದರೆ ಬೀಗತಿಯ ತಪ್ಪಿಗೆ ಲೆಕ್ಕ ಹಿಡಿಯುವವರು ಯಾರು? ಡಬ್ಬಿ ತೆರೆದಾಗ ಹೋಳಿಗೆಯ ಮೇಲೆ ಹಸಿರು ತುಪ್ಪಳ ಬೆಳೆದಿತ್ತು. ರುಕ್ಮಿಣಿಬಾಯಿ ಡಬ್ಬಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಮನೆಮನೆಗೆ ಹೋಗಿ ತೋರಿಸಿದಳು.

"ಬಂದು ನೋಡ್ರೇ! ಮಳಿ ಅದಂತ ನಮ್ಮ ಬೀಗರು ಹೋಳಿಗಿಗೆ ಸ್ವೆಟರ್ ಹಾಕಿ ಕಳಿಸ್ಯಾರ!"

ಅಷ್ಟಕ್ಕೇ ಬಿಟ್ಟಿದ್ದರೆ ನುಂಗಿಕೊಳ್ಳಬಹುದಿತ್ತು. ಗಣಪತಿ ಹಬ್ಬದ ಮುಂಚಿನ ಬೆನಕನ ಅಮವಾಸ್ಯೆ ಆದ ಮರುದಿನವೇ ಬಸುರಿ ವಿಜಯಶ್ರೀಯ ಕುಬಸ, ಎಂದರೆ ಸೀಮಂತ, ಇಟ್ಟುಕೊಂಡಿದ್ದರು. ಕುಬಸಕ್ಕೆ ತವರಿನವರು ಬುತ್ತಿ ತರಬೇಕು, ಬಸುರಿಯ ಉಡಿ ತುಂಬಬೇಕು, ಬುತ್ತಿಯನ್ನು ಓಣಿಗೆಲ್ಲ ಬೀರಬೇಕು. ಆಮೇಲೆ ಮಗಳನ್ನು ಚೊಚ್ಚಲ ಹೆರಿಗೆಗೆ ಕರೆದುಕೊಂಡು ಹೋಗಬೇಕು. ಮಲ್ಲಮ್ಮ ಆಗಲೇ ಬಾಣಂತಿಯ ಹೊರಸಿನ ಹಗ್ಗ ಬಿಗಿಸಿ, ಹಳೆಯ ಮೆತ್ತನೆಯ ಸೀರೆಗಳನ್ನು ಒಗೆದು ಮಡಚಿ ಇಟ್ಟಿದ್ದಳು. ಗಂಡ ವಿಜ್ಞಾನಿಯಾದ ಮರುದಿನವೇ ಬಂತು ರುಕ್ಮಿಣಿಬಾಯಿಯ ಫೋನು.

"ಅಮವಾಸಿ ದಿನ ಬುತ್ತಿಗೆ ಬಾಣಲಿ ಇಡಬಾರದು. ಅಮವಾಸಿ ಮೊದಲೇ ಮಾಡಿ ಕಳಿಸ್ರಿ, ನಮ್ಮ ದೇವರ ಕೋಣ್ಯಾಗ ಇರ್ತದ. ಕುಬಸದ ದಿನ ನಾಕು ಮಂದಿ ಮುಂದ ತೆಗಿಯೋಣ. ಈ ಸಲಾನೂ ಸ್ವೆಟರ್ ಬಂತಂದ್ರ ನೋಡ್ರಿ ಮತ್ತ, ಸೊಸಿನ ಹೆರಿಗಿಗೆ ಕಳಿಸಂಗಿಲ್ಲ! ಹೋಳಿಗಿ ಕಾಯ್ಲಾಕ ಬರಲಾರದವರು ಬಾಣಂತಿನ ಹ್ಯಾಂಗ ಕಾಯ್ತೀರಿ?"

ಮಲ್ಲಮ್ಮ ಫೋನು ಇಟ್ಟು ಅಲ್ಲೇ ಕೂತಳು. ಮನ್ಮಥಪ್ಪ ಮಾತ್ರ, ಮದುವೆಯಲ್ಲೂ ನಗದವನು, ನಕ್ಕ.

"ಹೆದರಬ್ಯಾಡ. ಮನ್ಯಾಗ ನಾ ಇದ್ದೀನಿ."

"ಅದಕ್ಕೇ ಹೆದರಿಕಿ," ಎಂದಳು ಮಲ್ಲಮ್ಮ.

ಮೊದಲು ಅವನು ಬ್ರೆಡ್ಡಿಗೆ ಬೆರೆಸುವ ಬಿಳಿ ಪುಡಿಯ ಸುದ್ದಿ ಎತ್ತಿದ. ಮಲ್ಲಮ್ಮ ಲಟ್ಟಣಿಗೆ ಎತ್ತಿದಳು. "ಕಾರಖಾನಿ ಪುಡಿ ನನ್ನ ಒಲಿ ಮುಂದ ಬರಂಗಿಲ್ಲ. ಬಸುರಿ ಮಗಳು ತಿನ್ನೋದದ!"

"ಆತು, ಪುಡಿ ಬ್ಯಾಡ. ಲವಂಗ? ಲವಂಗ ಮನಿ ಮಸಾಲಿ ಹೌದಲ್ಲ? ಅದರ ಎಣ್ಣಿ ಅಂದ್ರ ಅದರ ಮಗಳಿದ್ದಂಗ. ಅದಕ್ಕೇನಂತೀ?"

ಲವಂಗದ ಮಗಳೆಂದ ಮೇಲೆ ಮಲ್ಲಮ್ಮ ಲಟ್ಟಣಿಗೆ ಕೆಳಗಿಟ್ಟಳು. ಮನ್ಮಥಪ್ಪ ನಾಸಿಕದ 'ರವಿವಾರ ಕಾರಂಜಾ' ಎಂಬ ಪೇಟೆಗೆ ಹೋಗಿ, ಅತ್ತರಿನ ಅಂಗಡಿಯಿಂದ ಒಂದು ಶೀಶೆ ಲವಂಗದೆಣ್ಣೆ, ಸಣ್ಣದೊಂದು ಶೀಶೆ ದಾಲ್ಚಿನ್ನಿ ಎಣ್ಣೆ ತಂದ. ಎರಡನ್ನೂ ದೇವರ ಮುಂದೆ ಇಟ್ಟು ವಿಭೂತಿ ಹಚ್ಚಿದ. ವಿಜ್ಞಾನಕ್ಕೂ ಒಂದು ಆಧಾರ ಬೇಕಲ್ಲ.

"ಎಷ್ಟು ಹನಿ ಹಾಕಬೇಕ್ರಿ?" ಎಂದು ಮಲ್ಲಮ್ಮ ಕೇಳಿದಳು.

"ಕೆಲವೇ ಹನಿ. ತಜ್ಞರು ಹೇಳ್ಯಾರ."

"ಎಷ್ಟಕ್ಕ ಕೆಲವು?"

ಇಲ್ಲಿ ಮನ್ಮಥಪ್ಪನಿಗೆ ಸಮೋಸಾದ ಪರಾತ ಮಾತ್ರ ನೆನಪಾಯಿತು. ಆದರೆ ವಿಜ್ಞಾನಿಯಾದವನು ಹೆಂಡತಿಯ ಮುಂದೆ ತಡೆದರೆ ವಿಜ್ಞಾನ ಬೆಳೆಯುವುದಿಲ್ಲ. "ಒಂದೊಂದಕ್ಕ," ಎಂದ.

ಚೀಲಕ್ಕೆಂದು ಹೇಳಿದ ಮದ್ದು ಹೀಗೆ ಒಂದೊಂದು ಹೋಳಿಗೆಗೆ ಬಿತ್ತು. ಅಲ್ಲಿಗೂ ನಿಲ್ಲಲಿಲ್ಲ. ಅವನು ಡಬ್ಬಿಗೆ ಹಾಸುವ ಕಾಗದ ತರಲು ಹೊರಗೆ ಹೋದಾಗ ಮಲ್ಲಮ್ಮನಿಗೆ ಬೀಗತಿಯ ಮುಖ ಕಣ್ಣಮುಂದೆ ಬಂತು. ಇಷ್ಟು ಹೊತ್ತು ಗಂಡನಿಗೆ ಹುಚ್ಚು ಎಂದು ಬೈದವಳು ಬಾಗಿಲ ಕಡೆ ಒಮ್ಮೆ ನೋಡಿ, "ಇರ್ಲಿ, ಒಂದು ಕೈ ನಂದೂ," ಎಂದು ಶೀಶೆಯಲ್ಲಿ ಉಳಿದದ್ದನ್ನು ತುಪ್ಪಕ್ಕೆ ಸುರಿದು, ಪ್ರತಿ ಹೋಳಿಗೆಗೂ ಎರಡೂ ಬದಿ ಸವರಿಬಿಟ್ಟಳು. ಹೆದರಿಕೆಗೆ ಅಳತೆ ಇರುವುದಿಲ್ಲ.

ಡಬ್ಬಿ ಒಯ್ಯಲು ಬಂದ ಪಕ್ಕದ ಮನೆಯ ಮಹಿಬೂಬ ಬಾಗಿಲಲ್ಲೇ ಮೂಗು ಹಿಡಿದು ನಿಂತ. ಅವನು ಆಳಂದ ಕಡೆಯವನು, ಬಾಡಿಗೆಗೆ ಕ್ರೂಸರ್ ಗಾಡಿ ಓಡಿಸುತ್ತಿದ್ದ.

"ಕಾಕಾ, ಮನ್ಯಾಗ ಯಾರ ಹಲ್ಲು ಕಿತ್ತಾರ?"

"ಹಲ್ಲಲ್ಲೋ ಮಹಿಬೂಬ, ಬೂಷ್ಟಿನ ಬೇರು ಕಿತ್ತೀನಿ!"

"ಒಂದು ರುಚಿ ನೋಡ್ಲಾ?"

"ಛೀ!" ಎಂದು ಮಲ್ಲಮ್ಮ ಅವನ ಕೈ ಮೇಲೆ ಬಡಿದಳು. ಬಸುರಿ ಮುಟ್ಟುವ ತನಕ ಕುಬಸದ ಬುತ್ತಿಯನ್ನು ಯಾರೂ ಬಾಯಿಗೆ ಹಚ್ಚುವಂತಿಲ್ಲ; ಮಾಡಿದವರಂತೂ ಕೊನೆಯ ತನಕ ತಿನ್ನುವಂತಿಲ್ಲ. ಅವರ ಮನೆತನದಲ್ಲಿ ಇದು ಹಿರಿಯರು ಹಾಕಿದ ಗೆರೆ. ಆ ಹಿರಿಯರು ಲವಂಗದೆಣ್ಣೆ ಕಂಡವರಲ್ಲ.

ಕುಬಸದ ದಿನ ಗಂಡ ಹೆಂಡತಿ ಮಹಿಬೂಬನ ಗಾಡಿಯಲ್ಲೇ ಬಂದು ಇಳಿದಾಗ ಮುಕುಂದವಾಡಿಯ ಓಣಿಯಲ್ಲಿ ಗಣಪತಿಯ ಮಂಡಪಕ್ಕೆ ಬಿದಿರು ಹುಗಿಯುತ್ತಿದ್ದರು, ಮೈಕಿನ ಪೆಟ್ಟಿಗೆ ಆಗಲೇ ಬಂದಿತ್ತು. ಅಳಿಯ ಗುರುಬಸವನಿಗೆ ಕಾರಖಾನೆಯಲ್ಲಿ ರಜೆ ಸಿಗದೆ ಅವನು ಪಾಳಿಗೆ ಹೋಗಿದ್ದ. ಒಳಗೆ ವಿಜಯಶ್ರೀ ಹಸಿರು ಸೀರೆ, ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಅರ್ಧ ಮಂದಿ ಆರತಿಗೆ, ಅರ್ಧ ಮಂದಿ ಸ್ವೆಟರ್ ನೋಡುವುದಕ್ಕೆ.

ರುಕ್ಮಿಣಿಬಾಯಿ ಕನ್ನಡಕ ಏರಿಸಿ ಮುಚ್ಚಳ ತೆಗೆದಳು. ಒಂದು ಹೋಳಿಗೆ ಎತ್ತಿದಳು, ತಿರುವಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಅಡಿಯಲ್ಲಿದ್ದದ್ದನ್ನು ಎಳೆದಳು. ಒಂದು ಚುಕ್ಕೆ ಇಲ್ಲ! ಬಂಗಾರದ ಬಿಲ್ಲೆಯ ಹಾಗೆ ಹೊಳೆಯುತ್ತಿದ್ದವು. ಲಗ್ನದ ಮನೆಗೆ ಹೋಗಿ ಊಟ ಸಿಗದವರ ಹಾಗೆ ಅವಳ ಮುಖ ಇಳಿಯಿತು. ಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮನ್ಮಥಪ್ಪ ಹೊಸಿಲಲ್ಲಿ ನಿಂತು ಎದೆ ಉಬ್ಬಿಸಿದ.

"ವಿಜ್ಞಾನ ಅದ ಬೀಗತೇರ, ವಿಜ್ಞಾನ!"

ಮೊದಲ ತುತ್ತು ವಿಜಯಶ್ರೀಗೆ. ಹೋಳಿಗೆ ಮೂಗಿನ ಹತ್ತಿರ ಬಂದಿದ್ದೇ ತಡ, ಅವಳು ಬೆರಳಿನಿಂದ ಅದನ್ನು ಮುಟ್ಟಿ, ಮುಖ ತಿರುವಿದಳು. "ಯವ್ವಾ, ವಾಸನಿ! ಹೊಟ್ಟಿ ತೊಳಸ್ಲಾಕತ್ತದ." ಬಸುರಿಯ ಮೂಗನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಮುಟ್ಟಿದಳಲ್ಲ, ಸಾಕು ಎಂದು ಅವಳಿಗೆ ಅಂದೇ ಕಲಸಿದ ಮೊಸರಿನ ಬುತ್ತಿ ಉಣ್ಣಿಸಿ, ಹೋಳಿಗೆಯನ್ನು ಓಣಿಗೆ ಬೀರಿದರು. ಕಣ್ಣಿಗೆ ಸಿಗದ ತಪ್ಪು ಬಾಯಿಗಾದರೂ ಸಿಕ್ಕೀತು ಎಂದು ರುಕ್ಮಿಣಿಬಾಯಿ ಒಂದನ್ನು ನಾಲ್ಕು ಮಡಿಕೆ ಮಾಡಿ ಇಡಿಯಾಗಿ ಬಾಯಿಗೆ ತುರುಕಿದಳು. ಅಗಿದಳು. ನುಂಗಿದಳು. ಇನ್ನೊಂದನ್ನೂ ಎತ್ತಿಕೊಂಡಳು.

"ಹೂರಣ ಇನ್ನೂ ಜರಾ..." ಎಂದು ಶುರು ಮಾಡಿದಳು.

ಆ ಓಣಿಯಲ್ಲಿ ರುಕ್ಮಿಣಿಬಾಯಿಯ ಮಾತು ಅರ್ಧಕ್ಕೆ ನಿಂತದ್ದು ಅದೇ ಮೊದಲು. ತುಟಿ ಆಡಿತು, ಗಂಟಲು ಆಡಿತು, ನಡುವೆ ಇರಬೇಕಾದದ್ದು ಆಡಲಿಲ್ಲ. ಅವಳು ಎರಡು ಬೆರಳು ಬಾಯಿಗೆ ಹಾಕಿ ನಾಲಿಗೆ ಇದ್ದಲ್ಲೇ ಇದೆಯೋ ಎಂದು ಹಿಡಿದು ನೋಡಿದಳು. ಇತ್ತು. ಆದರೆ ಬೇರೆಯವರದಿದ್ದ ಹಾಗಿತ್ತು. ಅಷ್ಟರಲ್ಲಿ ಪಕ್ಕದವಳ ಬಾಯಿಂದ ನೀರು ಜಾರಿತು. ಅವಳಾಚೆಯವಳು "ಆಂ, ಆಂ" ಎನ್ನುತ್ತ ಎದ್ದಳು. ನೋಡನೋಡುತ್ತ ಮನೆತುಂಬ ಹೆಂಗಸರು, ಒಬ್ಬರ ಮುಖ ಒಬ್ಬರು ನೋಡುತ್ತ, ಕೈಯಿಂದಲೇ ಕೂಗಾಡತೊಡಗಿದರು. ಇಪ್ಪತ್ತು ಮಂದಿ ಕೂಡಿದ ಕುಬಸದ ಮನೆಯಲ್ಲಿ ಗೋಡೆಯ ಗಡಿಯಾರ ಕೇಳಿಸಿತು.

ಇಂಥ ಹೊತ್ತಿಗೆ ಸರಿಯಾಗಿ ಪಾಲಿಕೆಯ ದೀಪಕ ಬಂದ. ಡೆಂಗ್ಯೂ ದಿನಗಳಲ್ಲಿ ಮನೆಮನೆಯ ಬ್ಯಾರಲ್ಲಿಗೆ ಟಾರ್ಚು ಬಿಟ್ಟು ಸೊಳ್ಳೆಯ ಮರಿ ಹುಡುಕುವುದು ಅವನ ನೌಕರಿ. ಸೊಳ್ಳೆಗಿಂತ ದೊಡ್ಡದೊಂದು ಕೇಸು ತನ್ನ ಕೈಗೆ ಬರಲಿ ಎಂದು ಅವನು ವರ್ಷಗಳಿಂದ ಕಾದಿದ್ದ.

"ಯಾರೂ ಅಲುಗಾಡಬಾರ್ದು! ಸಗಳೇ, ಎಲ್ಲಾರೂ ಲೈನ್‌ನಾಗ ನಿಲ್ರಿ! ಜೀಭ ಬಾಹೇರ! ನಾಲಿಗಿ ಹೊರಗ!" ಎಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಆರ್ಭಟಿಸಿದ.

ಹೆಂಗಸರು ಅಂಗಳದಲ್ಲಿ ಸಾಲಾಗಿ ನಿಂತು ನಾಲಿಗೆ ಚಾಚಿದರು. ಮಂಡಪ ಕಟ್ಟುತ್ತಿದ್ದವರು, ಇಷ್ಟೊಂದು ಕಾಳಿಯರನ್ನು ಒಟ್ಟಿಗೆ ಕಂಡು, ಕೈ ಮುಗಿದರು. ದೀಪಕ ಒಂದೊಂದು ಬಾಯಿಗೂ ಟಾರ್ಚು ಬಿಟ್ಟು, ಅಭ್ಯಾಸಬಲದಿಂದ "ಸೊಳ್ಳಿ ಮರಿ ಇಲ್ಲ, ಸೊಳ್ಳಿ ಮರಿ ಇಲ್ಲ" ಎನ್ನುತ್ತ ಹೋದ. ಸಾಲಿನ ಕೊನೆಗೆ, ಇದು ವಿಷವೇ ಎಂದು ತೀರ್ಮಾನಿಸಿದ. ಪುರಾವೆಗೆ ಬೇಕೆಂದು ಒಂದು ಹೋಳಿಗೆ ತೆಗೆದುಕೊಂಡ, ತುಸು ಮುರಿದು ಬಾಯಿಗಿಟ್ಟ, ರುಚಿಯಾಗಿತ್ತೆಂದು ಉಳಿದದ್ದನ್ನೂ ತಿಂದ. ಆಮೇಲೆ ಓಡಿಹೋಗಿ ಮಂಡಪದ ಮೈಕು ಹಿಡಿದ.

"ನಾಗರಿಕರೇ! ಯಾರೂ ಹೋಳಿಗಿ ತಿನ್ನಬಾರದು! ಹೋಳಿಗಿಯಿಂದ ಧೋಕಾ ಅದ, ಅಪಾಯ ಅದ! ಹೋಳಿಗಿ... ಹೋ... ಹ್ಹೋ... ಹ್ಹಾ..."

ನಾಲ್ಕು ಓಣಿಗೆ ಕೇಳುವ ಹಾಗೆ ದೀಪಕನ ನಾಲಿಗೆ ಮೈಕಿನಲ್ಲೇ ಮಲಗಿತು. ಅಪಾಯವಿದೆ ಎಂದ ಕೂಡಲೆ ಜನ ದೂರ ಹೋಗುತ್ತಾರೆಂದು ಸರಕಾರ ತಿಳಿದಿದೆ. ನಾಲ್ಕು ಓಣಿಯ ಜನ ನೋಡಲು ಓಡಿಬಂದರು.

ಮನ್ಮಥಪ್ಪ ಬಾಗಿಲ ಸಂದಿಯಲ್ಲಿ ಬೆವರುತ್ತಿದ್ದ. ಯಾರೋ "ಪೊಲೀಸ್" ಎಂದರು, ಯಾರೋ "ಮಾಟ" ಎಂದರು. ರುಕ್ಮಿಣಿಬಾಯಿ ಅವನತ್ತ ಬೆರಳು ಚಾಚಿ, ಸೊಸೆಯತ್ತ ಬೆರಳು ಚಾಚಿ, ಎರಡೂ ಕೈಯಿಂದ ಗಾಳಿಯಲ್ಲಿ ದೊಡ್ಡದೊಂದು ಬೀಗ ಜಡಿದು ತೋರಿಸಿದಳು. ಕಳಿಸುವುದಿಲ್ಲ! ಅದಕ್ಕೆ ನಾಲಿಗೆ ಬೇಕಾಗಿರಲಿಲ್ಲ. ಮಲ್ಲಮ್ಮನ ಮುಖ ಬಿಳಚಿತು.

ಆಗ ಜನರನ್ನು ಸೀಳಿಕೊಂಡು ಗೊಲ್ಲಾಳಪ್ಪ ಬಂದ. ಓಣಿಯ ತುದಿಯಲ್ಲಿ ಏಳುತ್ತಿದ್ದ ಕಟ್ಟಡದ ಗೌಂಡಿ, ಸಿಂದಗಿ ಕಡೆಯವನು. ದವಡೆ ಹಲ್ಲಿನ ನೋವಿಗೆ ಗಲ್ಲಕ್ಕೆ ಟಾವೆಲ್ ಕಟ್ಟಿಕೊಂಡು ವಾರದಿಂದ ನರಳುತ್ತಿದ್ದ. ಓಣಿಗೆ ಬೀರಿದ ಹೋಳಿಗೆಯಲ್ಲಿ ಅವನಿಗೂ ಒಂದು ಹೋಗಿತ್ತು. ಈಗ ಆ ಟಾವೆಲನ್ನು ಬಾವುಟದ ಹಾಗೆ ಬೀಸುತ್ತಿದ್ದ.

"ಹಲ್ಲುಬ್ಯಾನಿ ಹೋತ್ರೀ!" ಎಂದು ತೊದಲುತ್ತಲೇ ಕೂಗಿದ. "ಈ ಹೋಳಿಗಿ ಮಾಡಿದ ತಾಯಿ ಯಾರು? ಕಾಲು ತೋರಸ್ರಿ, ಬೀಳ್ತೀನಿ!"

ಅವನು ನಿಜಕ್ಕೂ ಮಲ್ಲಮ್ಮನ ಕಾಲಿಗೆ ಬಿದ್ದ. ಜನರಲ್ಲಿ ಗುಜುಗುಜು ಎದ್ದಿತು. ಕ್ಷಣದ ಹಿಂದೆ ವಿಷವಾಗಿದ್ದದ್ದು ಈಗ ಮದ್ದಾಯಿತು. ಹಲ್ಲು ಹುಳುಕಿದವರು, ಒಸಡು ಬಾತವರು, ಹಲ್ಲೇ ಇಲ್ಲದ ಒಬ್ಬ ಮುದುಕ, ಎಲ್ಲರೂ ಡಬ್ಬಿಯತ್ತ ನುಗ್ಗಿದರು. ದೀಪಕ ಸಾಲು ಹಚ್ಚಲು ಕೈಸನ್ನೆ ಮಾಡಿ ಮಾಡಿ ಸೋತ.

"ಏನ್ ಹಾಕೀರಿ ಇದರಾಗ?" ಎಂದು ಗೊಲ್ಲಾಳಪ್ಪ ಕೇಳಿದ.

ಮನ್ಮಥಪ್ಪ ಮುಂದೆ ಬಂದ. "ಲವಂಗದ ಎಣ್ಣಿ. ಒಂದೊಂದಕ್ಕ... ನಾಕೈದು ಹನಿ."

"ಅಷ್ಟಕ್ಕ ಇಷ್ಟಾಗಂಗಿಲ್ಲ ಬಿಡ್ರಿ."

ಮಲ್ಲಮ್ಮ ನೆಲ ನೋಡಿದಳು. "ಮ್ಯಾಲ ನಾನೂ ಜರಾ ಸವರೀನಿ."

"ನೀನೂ?" ಎಂದು ಮನ್ಮಥಪ್ಪ ಬಾಯಿ ತೆರೆದ. "ವಿಜ್ಞಾನ ಅಂದ್ರ ಹುಚ್ಚು ಅಂದಾಕಿ!"

"ನಂದು ವಿಜ್ಞಾನ ಅಲ್ರಿ. ಅಂಜಿಕಿ."

ಗೊಲ್ಲಾಳಪ್ಪ ನಕ್ಕು ಎಲ್ಲರಿಗೂ ಕೇಳುವಂತೆ ಹೇಳಿದ: "ಹೆದರಬ್ಯಾಡ್ರೀ! ಹಲ್ಲಿನ ಡಾಕ್ಟರು ಇದನ್ನ ಹಚ್ಚತಾರ. ಒಂದು ತಾಸಿನಾಗ ಇಳೀತೈತಿ, ನಾಲಿಗಿ ಮೊದಲಿನಂಗ ಆಕೈತಿ!"

ಓಣಿಗೆಲ್ಲ ಹೋದ ಜೀವ ಬಂತು. ಮಲ್ಲಮ್ಮನ ಕಿವಿಗೆ ಮಾತ್ರ ಬೇರೊಂದು ಮಾತು ಬಿತ್ತು. ಒಂದು ತಾಸು! ತಾಸಿನ ಮೇಲೆ ಬೀಗತಿಯ ನಾಲಿಗೆ ಎದ್ದರೆ ಮಗಳು ಇಲ್ಲೇ. ಅವಳು ಗಂಡನ ತೋಳು ಚಿವುಟಿದಳು.

"ನಿಂತು ಏನ್ ನೋಡ್ತೀರಿ? ಗಾಡಿ ಹಚ್ಚಾಕ ಹೇಳ್ರಿ!"

"ಹೇಳಿದ್ರಾತೇನು? ಮನಿ ಹಿರಿಯರು ಬಾಯಿ ತುಂಬ 'ಹೋಗಿ ಬಾ' ಅನಬೇಕಲ್ಲ. ಬೀಗತಿ ಬಾಯಿ..."

"ಬೀಗರ ಬಾಯಿಗೇನಾಗ್ಯದ?" ಎಂದು ಮಲ್ಲಮ್ಮ ಅಂಗಡಿಯ ಕಡೆ ಕೈ ತೋರಿದಳು.

ಎಲ್ಲರೂ ತಿರುಗಿ ನೋಡಿದರು. ಅಂಗಡಿಯ ಕಟ್ಟೆಯ ಮೇಲೆ ಶಾಂತಕುಮಾರ ಕೂತಿದ್ದರು. ಸಕ್ಕರೆ ಕಾಯಿಲೆ ಇದ್ದದ್ದರಿಂದ ಅವರು ಹೋಳಿಗೆ ಮುಟ್ಟಿರಲಿಲ್ಲ. ಇಷ್ಟು ಹೊತ್ತು ಅವರಿದ್ದದ್ದೇ ಯಾರಿಗೂ ನೆನಪಿರಲಿಲ್ಲ. ಹೆಂಡತಿ ದೂರದಿಂದ ಕಣ್ಣು ಕೆಂಪಗೆ ಮಾಡಿ ತಲೆ ಅಲ್ಲಾಡಿಸಿದಳು. ಶಾಂತಕುಮಾರ ಆ ಕಣ್ಣು ನೋಡಿದರು, ಈ ಕಡೆ ಸೊಸೆಯ ಮುಖ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಮಾವಾ," ಎಂದಳು ವಿಜಯಶ್ರೀ, "ನನಗ ಯವ್ವನ ಹಂತ್ಯಾಕ ಹೋಗ್ಬೇಕನಿಸ್ಯದ. ಹೋಗ್ಲಾ?"

"ಹೋಗಿ ಬಾರವಾ ನನ್ನ ತಾಯಿ," ಎಂದರು ಶಾಂತಕುಮಾರ. ತುಂಬಿದ ಗಂಟೆಯಂಥ ದನಿ. ಓಣಿಯೇ ಬೆರಗಾಯಿತು. "ಚೊಚ್ಚಲು ತವರಿಗೇ ಸೈ. ಬೀಗರೇ, ಕರ್ಕೊಂಡ್ ಹೋಗ್ರಿ. ಮತ್ತ ಇನ್ನೊಂದು ಮಾತು, ಮೆಂಥೆ ಪಲ್ಯ ನನಗ ಸೇರಂಗಿಲ್ಲ. ಲಗ್ನಾದಾಗಿಂದ ಸೇರಂಗಿಲ್ಲ. ಇನ್ನೊಂದು, ಅಂಗಡ್ಯಾಗ ಬೆಲ್ಲದ ಡಬ್ಬಿ ಮ್ಯಾಲಿನ ಹಲಗಿ ಮ್ಯಾಲ ಇಡಬಾರದು. ಇನ್ನೊಂದು..."

ಕಟ್ಟೆ ಒಡೆದ ಕೆರೆಯ ಮುಂದೆ ನಿಲ್ಲಲು ಯಾರಿಗೂ ಪುರುಸೊತ್ತಿರಲಿಲ್ಲ. ಮಲ್ಲಮ್ಮ ಮಗಳ ಗಂಟು ಹಿಡಿದಳು. ಮನ್ಮಥಪ್ಪ ದಿಂಬು, ಚಾದರ, ನೀರಿನ ಬಾಟ್ಲಿ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತ. ಆತುರದಲ್ಲಿ ಬೀಗರ ಗೋಡೆ ಗಡಿಯಾರವೂ ಬಂದಿತ್ತು, ಮಗಳು ಇಳಿಸಿ ಇಟ್ಟಳು. ಮಹಿಬೂಬನ ಗಾಡಿಗೆ ಅಡ್ಡವಾಗಿ ಮಂಡಪದ ಬಿದಿರು, ಹಿಂದೆ ಹಲ್ಲುನೋವಿನ ಸಾಲು. ಅವನು ಹಾರ್ನ್ ಒತ್ತಿಯೇ ಒತ್ತಿದ.

"ಕಾಕಾ, ಲಗೂನ! ಬೀಗತೇರ ತುಟಿ ಅಲುಗಾಡ್ಲಾಕತ್ತದ!"

ನಿಜವೇ. ಅಂಗಳದಿಂದ "ಹ... ಹಿ..." ಎಂಬ ದನಿ ಎದ್ದಿತ್ತು. ಗೊಲ್ಲಾಳಪ್ಪನೂ ಅವನ ಜೊತೆಗಾರರೂ ಬಿದಿರು ಎತ್ತಿ ಹಿಡಿದರು. ವಿಜಯಶ್ರೀಯನ್ನು ನಡುವಿನ ಸೀಟಿನಲ್ಲಿ ದಿಂಬಿಗೊರಗಿಸಿ ಕೂರಿಸಿದರು. ಗಾಡಿ ಒಂದು ಮಾರು ಮುಂದೆ ಹೋಯಿತು. ಅಷ್ಟೇ.

"ನಿಲ್ಲಿಸ್ರೀ!"

ಒಂದೊಂದು ಅಕ್ಷರವೂ ಸ್ಪಷ್ಟ. ಮಹಿಬೂಬನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬಿತ್ತು. ರುಕ್ಮಿಣಿಬಾಯಿ ಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು. ಮಲ್ಲಮ್ಮ ಮಗಳನ್ನು ಅವುಚಿಕೊಂಡಳು. ಮನ್ಮಥಪ್ಪ ಕೆಳಗಿಳಿದು ಕೈ ಜೋಡಿಸಿದ.

"ಬೀಗತೇರ, ತಪ್ಪು ನಂದದ. ಶಿಕ್ಷಾ ನನಗ ಕೊಡ್ರಿ. ಮಗಳಿಗೆ ಬ್ಯಾಡ."

"ಮನಿ ಯಜಮಾನರು ಹೋಗಿ ಬಾ ಅಂದಾರ," ಎಂದಳು ರುಕ್ಮಿಣಿಬಾಯಿ. "ಅಂದ ಮ್ಯಾಲ ಆತು. ಆಡಿದ ಮಾತು ತಿರುವಿ ನುಂಗೋ ಮನಿತನ ನಮ್ಮದಲ್ಲ. ಆದ್ರ ಇಂಥಾ ಹೋಳಿಗಿ ಮಾಡವರ ಕೈಯಾಗ ನನ್ನ ಮೊಮ್ಮಗನ್ನ ಕೊಟ್ಟು ನಾ ಇಲ್ಲಿ ನಿದ್ದಿ ಮಾಡ್ಲೇನು?" ಆಗಲೇ ಅವಳ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. "ಸರೀರಿ ಅತ್ಲಾಗ. ಬಾಣಂತನ ಮುಗಿಯೋ ತನಕ ನಿಮ್ಮ ಮನಿ ಒಲಿ ನಂದು."

ಅವಳು ಹತ್ತಿ ಸೊಸೆಯ ಪಕ್ಕಕ್ಕೆ ಕೂತಳು, ದಿಂಬು ಸರಿಮಾಡಿದಳು, ಮಲ್ಲಮ್ಮ ದಿಂಬು ಇಟ್ಟ ರೀತಿ ಹೇಗೆ ತಪ್ಪೆಂದು ಹೇಳತೊಡಗಿದಳು. ಕಟ್ಟೆಯ ಮೇಲೆ ಶಾಂತಕುಮಾರ ಇನ್ನೂ ಬೆಲ್ಲದ ಡಬ್ಬಿಯ ವಿಷಯ ಹೇಳುತ್ತಿದ್ದರು. ಕೇಳಲು ಜನ ಸುತ್ತ ಕೂತಿದ್ದರು.

ಗಾಡಿ ವೈಜಾಪುರ ದಾಟಿತು, ಯೇವಲಾ ದಾಟಿತು. ನಿಫಾಡಿನ ದ್ರಾಕ್ಷಿ ತೋಟಗಳು ಬಂದರೂ ರುಕ್ಮಿಣಿಬಾಯಿ ಉಸಿರಿಗೆಂದು ನಿಂತಿರಲಿಲ್ಲ. ವಿಜಯಶ್ರೀ ಅವ್ವನ ತೊಡೆಯ ಮೇಲೆ ತಲೆ ಇಟ್ಟು, ಅತ್ತೆಯ ತೊಡೆಯ ಮೇಲೆ ಕಾಲು ಚಾಚಿ, ಸುಖವಾಗಿ ನಿದ್ದೆ ಹೋಗಿದ್ದಳು. ಮುಂದಿನ ಸೀಟಿನಲ್ಲಿ ಮನ್ಮಥಪ್ಪ ಸಂಭಾಜಿನಗರದಿಂದ ಸಾತಪುರದ ತನಕ ಒಂದೇ ಒಂದು ಮಾತು ಆಡಲಿಲ್ಲ. ಅವನೇನೂ ಹೋಳಿಗೆ ತಿಂದಿರಲಿಲ್ಲ.